ಓತಿಕ್ಯಾತನ ದೀಪಗಳು

ಐಗಳಿಯ ಧರೆಪ್ಪನವರ ದ್ರಾಕ್ಷಿ ತೋಟಕ್ಕೆ ಬೀಳುವ ಬಿಸಿಲಿಗೆ ಲೆಕ್ಕವಿಲ್ಲ. ಅದೇ ಮನೆಯ ಸೊಸೆ ಸೀಮಾ ಬಿಸಿಲಿನ ಬದಲಿಗೆ ಪುಣೆಯಿಂದ ಎರಡು ದೀಪ ತರಿಸಿದಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರಂತೆ, ಹಾಗಾಯಿತು. ಅವಾದರೂ ಎಂಥ ದೀಪ! ಗಾಜಿನ ಪೆಟ್ಟಿಗೆಯಲ್ಲಿ ಓತಿಕ್ಯಾತ, ಆಮೆ ಸಾಕುವವರು ಅವಕ್ಕೆ ಬಿಸಿಲಿನ ಕೊರತೆ ನೀಗಲೆಂದು ಉರಿಸುವ ಟ್ಯೂಬುಗಳು.

ಸೀಮಾ ನಿಪ್ಪಾಣಿಯವಳು, ಸಸ್ಯಶಾಸ್ತ್ರ ಓದಿದವಳು. ಅವಳಿಗೆ ಕಲಿಸಿದ ಕೋಮಲ ಮೇಡಂ ಒಂದು ವರ್ಷದ ಸಂಶೋಧನೆಯ ಕೆಲಸ ಕೊಡಲು ತಯಾರಿದ್ದರು. ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ದ್ರಾಕ್ಷಿ ಹೂವಿನ ಫೋಟೋ ತೆಗೆದು ರವಿವಾರದೊಳಗೆ ಕಳಿಸಬೇಕು, ಅಷ್ಟೇ.

"ತ್ವಾಟದಾಗ ನಿಂತು ತಗೀರಿ. ಬಿಸಿಲಾಗ ಆ ಬೆಳಕ ಬೇಕಾದಷ್ಟ ಇರತೈತಿ" ಎಂದಿದ್ದರು ಮೇಡಂ.

ತೋಟಕ್ಕೆ ಹೋಗಲು ತನಗೆ ಅಪ್ಪಣೆಯಿಲ್ಲ ಎಂದು ಹೇಳಲು ಸೀಮಾಳಿಗೆ ನಾಚಿಕೆಯಾಯಿತು. ದೊಡ್ಡ ಮನೆಯ ಸೊಸೆ ಆಳುಗಳ ನಡುವೆ ತಿರುಗಬಾರದು, ಅವರು ಓಡಾಡುವ ಅಂಗಳದಲ್ಲೂ ನಿಲ್ಲಬಾರದು ಎಂಬುದು ಅತ್ತೆ ರುಕ್ಮವ್ವನ ಕಟ್ಟಳೆ. ಗಂಡ ಅಮಿತ ಬುತ್ತಿ ಡಬ್ಬಿಯಲ್ಲಿ ಹೂಗೊಂಚಲು ತಂದುಕೊಡುತ್ತಿದ್ದ. ಅವ್ವನ ಎದುರಿಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಮಹಾರಾಯ.

ಗುರುವಾರ ಸಂಜೆ ಸೀಮಾ ಪಡಸಾಲೆಯ ಪಕ್ಕದ ಕಾಳಿನ ಕೋಣೆಯ ಬಾಗಿಲು ಹಾಕಿಕೊಂಡಳು. ಪೈಪಿನ ಸಂದಿಗೆ ಸುತ್ತುವ ಬಿಳಿ ಟೇಪನ್ನು ತಟ್ಟೆಗೆ ಸುತ್ತಿ, ದೀಪವನ್ನು ಒಂದು ಗೇಣು ದೂರ ಇಟ್ಟು, ಮೇಡಂ ಕೊಟ್ಟ, ನೇರಳಾತೀತವನ್ನಷ್ಟೇ ಹಿಡಿಯುವ ಕ್ಯಾಮೆರಾವನ್ನು ಅರ್ಧ ನಿಮಿಷ ತೆರೆದಿಟ್ಟಳು. ಆ ಬೆಳಕನ್ನು ಮರಳಿ ಚೆಲ್ಲುವ ಟೇಪು ಯಾವ ಫೋಟೋದಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತದೋ ಆ ದೀಪದಲ್ಲಿ ನೇರಳಾತೀತ ಹೆಚ್ಚು. ಮೊದಲನೆಯ ದೀಪದಲ್ಲಿ ಟೇಪು ಬೂದಿ ಬಣ್ಣಕ್ಕೆ ಬಂತು. ಎರಡನೆಯದನ್ನು ಹಚ್ಚಿ ಗುಂಡಿ ಒತ್ತಿದ್ದಳಷ್ಟೇ, ರುಕ್ಮವ್ವ ಧಡಾರನೆ ಬಾಗಿಲು ತೆರೆದಳು.

"ದೀಪಾ ಹಚ್ಚೂ ಹೊತ್ತಿಗೆ ಬಾಗಲಾ ಹಾಕ್ತಾರೇನ ಬೇ? ಲಕ್ಷ್ಮಿ ಬರೂ ಯಾಳೆ!"

ಸೀಮಾ ಎಲ್ಲ ಬಿಟ್ಟು ದೇವರ ಮುಂದೆ ದೀಪ ಹಚ್ಚಲು ಓಡಿದಳು. ತಿರುಗಿ ಬಂದು ನೋಡಿದರೆ ಎರಡನೆಯ ಫೋಟೋದಲ್ಲಿ ಟೇಪು ಹಾಲಿನಂತೆ ಬೆಳ್ಳಗಿತ್ತು. ಇದೇ ದೀಪ ಎಂದು ಹಿಗ್ಗಿದಳು.

ಶುಕ್ರವಾರವೂ ಶನಿವಾರವೂ ಬಾಗಿಲು ಹಾಕಿಕೊಂಡು ಅದೇ ದೀಪದಲ್ಲಿ ಹೂ ತೆಗೆದಳು. ಎಲ್ಲ ಕಪ್ಪು. ರವಿವಾರ ನಾಲ್ಕರ ಹೊತ್ತಿಗೆ ಟೇಪಿನ ಫೋಟೋ ಮತ್ತೊಮ್ಮೆ ತೆಗೆದಾಗ ಅದು ಮೊದಲನೆಯ ದೀಪದ ಫೋಟೋಕ್ಕಿಂತಲೂ ಮಂಕಾಗಿತ್ತು. ಅಯ್ಯೋ, ತನ್ನ ಬುದ್ಧಿಗಿಷ್ಟು! ಆ ದಿನ ಬಾಗಿಲು ತೆರೆದಿತ್ತಲ್ಲ! ಈಗ ಎರಡೂ ದೀಪ ಕೈಕೊಟ್ಟಿದ್ದವು. ತೋಟದಲ್ಲಿ ಹೂ ಉದುರುತ್ತಿತ್ತು. ಇನ್ನು ಎರಡು ತಾಸಿನ ಬಿಸಿಲು ಉಳಿದಿತ್ತು.

ಅವಳು ಗುರುವಾರದ ಎರಡೂ ಫೋಟೋ ಹಿಡಿದು ಪಡಸಾಲೆಗೆ ಬಂದಳು.

"ಅತ್ತಿ, ಇದರಾಗ ಯಾವ ದೀಪ ಚಲೋ ಐತಿ, ಹೇಳ್ರಿ."

ರುಕ್ಮವ್ವ ಕನ್ನಡಕ ಏರಿಸಿ ಬಿಳಿಯದರ ಮೇಲೆ ಬೆರಳಿಟ್ಟಳು. "ಇದ ನೋಡ. ಕಣ್ಣಿಗೆ ಹೊಡಿಯಾಕತ್ತೈತಿ."

"ಅದು ದೀಪದ ಬೆಳಕಲ್ರಿ. ಅವತ್ತ ನೀವು ಬಾಗಲಾ ತಗದ್ರಿ ನೋಡ್ರಿ, ಹೊರಗಿನ ಬೆಳಕ." ಸೀಮಾ ಫೋಟೋವನ್ನು ಅತ್ತೆಯ ಕೈಗಿಟ್ಟಳು. "ಒಂದ ತಾಸು ತ್ವಾಟಕ್ಕ ಹೋಗಿ ಬರ್ತೀನ್ರಿ. ಇವತ್ತ ತಪ್ಪಿದ್ರ ಆ ಕೆಲಸ ಹೋತು."

ಮುದುಕಿ ಫೋಟೋವನ್ನು ಕನ್ನಡಕದ ಹತ್ತಿರ ತಂದಳು. ಈ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಅವಳೂ ಒಮ್ಮೆಯೂ ಆ ತೋಟ ತುಳಿದವಳಲ್ಲ. ಕೊನೆಗೆ ಫೋಟೋ ತಿರುಗಿ ಕೊಟ್ಟಳು.

"ಹೊತ್ತು ಇಳಿಯಾಕತ್ತೈತಿ. ಹೋಗು, ಬತ್ತಿ ಹೊಸಿ."

ಸೀಮಾ ಒಳಗೆ ಹೋಗಿ ಬತ್ತಿ ಹೊಸೆದಳು. ದೀಪ ಹಚ್ಚಿದಾಗ ಬಿಸಿಲು ಮುಗಿದಿತ್ತು; ಲಕ್ಷ್ಮಿ ಬರಲೆಂದು ತಲಬಾಗಿಲು ಮಾತ್ರ ತೆರೆದೇ ಇತ್ತು.