ದೊಡ್ಡಮ್ಮನ ಹೆಸರಿನ ಕಾರು

ರೇಷನ್ ಸ್ಟೋರಿನ ಯಂತ್ರದ ಮೇಲೆ ದೊಡ್ಡಮ್ಮ ಮತ್ತೆ ಬೆರಳಿಟ್ಟಾಗ ನಾನು ಅವಳ ಹಿಂದೆಯೇ ನಿಂತಿದ್ದೆ. ಹುಣಸೆಹಣ್ಣು ಬಿಡಿಸಿ ಬಿಡಿಸಿ ಅವಳ ಬೆರಳ ತುದಿಗಳು ಕಪ್ಪಾಗಿ ಒರಟಾಗಿದ್ದವು. ಯಂತ್ರ ಅವಳ ಬೆರಳನ್ನು ಗುರುತಿಸದೆ ತಕರಾರು ಮಾಡುವುದು ಹೊಸದೇನಲ್ಲ. ಸೆರಗಿಗೆ ಉಜ್ಜಿಕೊಂಡು ಇನ್ನೊಮ್ಮೆ ಒತ್ತಿದಳು. ಈ ಸಲ ಬೆರಳು ಹತ್ತಿತು, ಆದರೆ ಅಕ್ಕಿ ಸಿಗಲಿಲ್ಲ. ಸ್ಟೋರಿನವನು ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ.

"ಕಾರ್ಡು ನಿಂತೋಗೈತೆ ಕಣಮ್ಮ. ನನ್ ಕೈಯಾಗೇನೂ ಇಲ್ಲ. ಸಚಿವಾಲಯದಾಗೆ ಕೇಳು."

"ನಿಂತೋಗಕ್ಕೆ ಅದೇನು ಬಸ್ಸಾ?" ಅಂದಳು ದೊಡ್ಡಮ್ಮ.

ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಆಮೇಲೆ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಸಾಲಿನಿಂದ ಈಚೆ ಬಂದಳು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಪರಿಗಿಯ ಹತ್ತಿರದ ಒಂದು ಊರಲ್ಲಿ ಅವಳ ಮನೆ. ನಾನು ಹಿಂದೂಪುರದಲ್ಲಿ ಬಟ್ಟೆ ಹೊಲಿಯುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಆಗಾಗ ದೊಡ್ಡಮ್ಮನ ಮನೆಗೆ ಹೋಗಿಬರುವುದು ನನಗೆ ರೂಢಿಯಾಗಿತ್ತು. ಆ ಮನೆಯಲ್ಲಿ ನಾಲ್ಕು ಜನ. ದೊಡ್ಡಪ್ಪನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಗಂಡನ ಮನೆ ಬಿಟ್ಟುಬಂದ ಮಗಳಿದ್ದಳು, ಅವಳಿಗೊಂದು ಪುಟ್ಟ ಹೆಣ್ಣುಮಗು. ಆ ಮಗಳು ನನಗಿಂತ ಚಿಕ್ಕವಳು, ನನಗೆ ತಂಗಿ. ಹಿಂದೂಪುರದ ಮಂಡಿಯಿಂದ ಹುಣಸೆಹಣ್ಣಿನ ಮೂಟೆಗಳು ಮನೆಗೆ ಬರುತ್ತಿದ್ದವು. ತಾಯಿ ಮಗಳು ಅದನ್ನು ಬಡಿದು, ನಾರು ತೆಗೆದು, ಬೀಜ ಬೇರೆ ಮಾಡಿ ಕೊಡುತ್ತಿದ್ದರು. ಆ ಕೂಲಿಯಲ್ಲಿ ದೊಡ್ಡಪ್ಪನ ಮಾತ್ರೆ, ಎಣ್ಣೆ, ಉಪ್ಪು ನಡೆಯುತ್ತಿತ್ತು. ಅನ್ನ ಮಾತ್ರ ಸ್ಟೋರಿನದು.

ನಮ್ಮ ಕಡೆ ಊರೂರಲ್ಲೂ ಇರುವ ಸರ್ಕಾರಿ ಕಚೇರಿಗೆ ಸಚಿವಾಲಯ ಎನ್ನುತ್ತಾರೆ. ಅದರ ಗೋಡೆಯ ಮೇಲೆ ಅಕ್ಕಿ ಕಾರ್ಡಿನ ನಿಯಮಗಳನ್ನು ತೆಲುಗಿನಲ್ಲಿ ಬರೆದು ಅಂಟಿಸಿದ್ದರು. ನಾನು ಒಂದೊಂದನ್ನೇ ಓದಿ ದೊಡ್ಡಮ್ಮನಿಗೆ ಹೇಳಿದೆ. ಇಷ್ಟು ಎಕರೆಗಿಂತ ಹೆಚ್ಚು ಜಮೀನು ಇರಬಾರದು. ಮನೆಯಲ್ಲಿ ಸರ್ಕಾರಿ ನೌಕರಿಯವರು ಇರಬಾರದು. ಆದಾಯ ತೆರಿಗೆ ಕಟ್ಟುವವರು ಇರಬಾರದು. ಕರೆಂಟು ಇಷ್ಟಕ್ಕಿಂತ ಹೆಚ್ಚು ಉರಿದಿರಬಾರದು. ನಾಲ್ಕು ಚಕ್ರದ ಸ್ವಂತ ಗಾಡಿ ಇರಬಾರದು. ಟ್ಯಾಕ್ಸಿ, ಆಟೋ, ಟ್ರ್ಯಾಕ್ಟರ್ ಆದರೆ ಅಡ್ಡಿಯಿಲ್ಲ. ಕಾರ್ಡಿನಲ್ಲಿ ಹೆಸರಿರುವ ಒಬ್ಬರಿಗೆ ಇವುಗಳಲ್ಲಿ ಒಂದಿದ್ದರೂ ಸಾಕು, ಇಡೀ ಮನೆಗೆ ಅಕ್ಕಿ ನಿಲ್ಲುತ್ತದೆ.

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಸೋಮಂದೇಪಲ್ಲಿ ಕಡೆಯವಳು. ಮೆತ್ತಗೆ ಮಾತಾಡುತ್ತಿದ್ದಳು. ಆಧಾರ್ ನಂಬರು ಹಾಕಿ ನೋಡಿ, ಕತ್ತೆತ್ತಿ ಕೇಳಿದಳು.

"ಅಮ್ಮಾ, ಮೀ ಪೇರು ಮೀದ ಕಾರು ಉಂದಾ?"

ನಿಮ್ಮ ಹೆಸರಲ್ಲಿ ಕಾರಿದೆಯಾ ಅಂತ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. "ಉಂದಿ," ಅಂದಳು. "ನಾದೇ." ಇದೆ, ನನ್ನದೇ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಸವೆದ ಚಪ್ಪಲಿಯ ಆ ಹೆಂಗಸಿನ ಮುಖ ಅರಳಿತ್ತು.

ಕಾರಿನ ವಿಷಯ ಹೇಳಬೇಕು. ದೊಡ್ಡಮ್ಮನಿಗೂ ನನ್ನ ತಾಯಿಗೂ ಒಬ್ಬನೇ ತಮ್ಮ, ನನ್ನ ಸೋದರಮಾವ. ಕಲ್ಯಾಣದುರ್ಗದಲ್ಲಿದ್ದಾನೆ. ಸ್ಟೀಲು ಪಾತ್ರೆ ತುಂಬಿಕೊಂಡು ಸೆಟ್ಟೂರು ಕಡೆಯ ಊರುಗಳಿಗೆ ಹೋಗಿ ಮಾರುತ್ತಾನೆ. ಮೊದಲು ಅವನದೊಂದು ಲಗೇಜ್ ಆಟೋ ಇತ್ತು. ಅದು ಸೆಟ್ಟೂರಿನ ದಾರಿಯಲ್ಲಿ ಮಗುಚಿ ಅವನ ಕಾಲು ಮುರಿಯಿತು. ಆಗ ಜೋಯಿಸರು ಗಾಡಿ ಅವನ ಹೆಸರಿಗೆ ಕೂಡಿಬರುವುದಿಲ್ಲ, ಹೆಂಡತಿಯ ಹೆಸರಿಗೂ ಬರುವುದಿಲ್ಲ, ಮನೆಯ ಹೆಣ್ಣುಮಗಳ ಹೆಸರಲ್ಲಿ ಮಾಡಿಸಿದರೆ ಒಳ್ಳೆಯದಾಗುತ್ತದೆ ಎಂದರಂತೆ. ನಮ್ಮಲ್ಲಿ ಹೀಗೆ ಹೆಸರುಬಲ ನೋಡಿ ಅಕ್ಕನ ಹೆಸರಲ್ಲೋ ಮಗಳ ಹೆಸರಲ್ಲೋ ಗಾಡಿ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ಮಾವ ಹಳೆಯ ಕಾರೊಂದನ್ನು ಕೊಂಡು ದೊಡ್ಡಮ್ಮನ ಹೆಸರಿಗೆ ಮಾಡಿಸಿದ. ಹಿಂದಿನ ಸೀಟು ಕಿತ್ತುಹಾಕಿ ಪಾತ್ರೆ ತುಂಬಲು ಜಾಗ ಮಾಡಿಕೊಂಡ.

ಆ ದಿನ ನಾನೂ ಹೋಗಿದ್ದೆ. ಮಾವ ಅಕ್ಕನಿಗೆ ಸೀರೆ ಉಡಿಸಿ, ಅರಿಶಿನ ಕುಂಕುಮ ಕೊಟ್ಟು, ಅವಳ ಕೈಯಿಂದಲೇ ಕಾಯಿ ಒಡೆಸಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಊರ ಬಾಗಿಲತನಕ ಹೋಗಿಬಂದ. ಕಾರ್ಡು ನಿಲ್ಲುವತನಕ ಅವಳು ಆ ಕಾರಿನಲ್ಲಿ ಕೂತದ್ದು ಅಷ್ಟೇ. ಆದರೆ ಅಲ್ಲಿಂದೀಚೆಗೆ ಮಾವನಿಗೆ ಒಂದು ಗೀರೂ ಆಗಲಿಲ್ಲ. ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುವಾಗ ದೊಡ್ಡಮ್ಮ ಅವನ ಗಾಡಿಯನ್ನು ನೆನೆಸಿಕೊಂಡೇ ಕೈಮುಗಿಯುತ್ತಿದ್ದಳು.

ಸಚಿವಾಲಯದ ಹುಡುಗಿ ಇದನ್ನೆಲ್ಲ ನನ್ನಿಂದ ಕೇಳಿ ಒಂದು ದಾರಿ ಹೇಳಿದಳು. ಈ ಗಾಡಿ ನನ್ನದಲ್ಲ, ನನಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟರೆ ಮೇಲಕ್ಕೆ ಕಳಿಸುತ್ತೇನೆ, ಅವರು ಮನೆಗೆ ಬಂದು ನೋಡುತ್ತಾರೆ, ಮನೆ ನೋಡಿದರೆ ಅವರಿಗೇ ತಿಳಿಯುತ್ತದೆ ಎಂದಳು. ನಾನು ಬರೆಯಲು ಕೂತೆ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಕಣಮ್ಮ. ನಂದಲ್ಲ ಅಂತ ನಾನೆಂಗೆ ಅನ್ಲಿ? ಅವ್ನು ದಿನಾ ರೋಡ್‌ನಾಗಿರೋನು."

"ಬರೀ ಪೇಪರ್ ಮೇಲೆ ದೊಡ್ಡಮ್ಮ."

"ಪೇಪರಾಗ್ಲಿ, ಬಾಯಾಗ್ಲಿ. ಇಲ್ಲ ಅಂದ್ರೆ ಇಲ್ದಂಗೇ ಆಯ್ತದೆ."

ಅವಳು ಹಾಗೆ ಬೆಳೆದವಳು. ಮನೆಯಲ್ಲಿ ಅಕ್ಕಿ ಮುಗಿದರೂ 'ಇಲ್ಲ' ಅನ್ನುವವಳಲ್ಲ, 'ತುಂಬೈತೆ' ಅನ್ನುವವಳು. ನಮ್ಮ ಕಡೆಯ ಹೆಂಗಸರು ಕನ್ನಡದಲ್ಲೂ ತೆಲುಗಿನಲ್ಲೂ ಹಾಗೇ ಅನ್ನುವುದು. ಖಾಲಿ ಡಬ್ಬದ ಮುಂದೆ ನಿಂತು ತುಂಬೈತೆ ಅಂದರೆ ಕೇಳಿದವರು ಅರ್ಥಮಾಡಿಕೊಂಡು ಪಕ್ಕದ ಮನೆಯಿಂದ ಒಂದು ಪಾವು ತಂದುಕೊಡುತ್ತಾರೆ.

ಹಾಗಾದರೆ ಮಾವನೇ ಕಾರನ್ನು ಬೇರೆ ಹೆಸರಿಗೆ ಮಾಡಿಸಿಕೊಳ್ಳಲಿ ಎಂದು ನಾನು ಅವಳನ್ನು ಕಲ್ಯಾಣದುರ್ಗಕ್ಕೆ ಹೊರಡಿಸಿದೆ. ಪಾವಗಡದಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವಳು, ನಾನು ಮಾತಾಡಲ್ಲ, ನೀನೇ ಮಾತಾಡು, ತವರಿಗೆ ಹೋಗಿ ಅನ್ನದ ಮಾತು ಎತ್ತಬಾರದು ಎನ್ನುತ್ತಿದ್ದಳು. ಹೆಣ್ಣುಮಕ್ಕಳಿಗೆ ತವರಿನ ಅಕ್ಕಿ ಮಡಿಲಿಗೆ ಬೀಳಬೇಕೇ ಹೊರತು ಬಾಯಿಬಿಟ್ಟು ಕೇಳಿ ಪಡೆಯುವಂಥದ್ದಲ್ಲ.

ಮಾತಾಡಿದ್ದು ನಾನೇ. ಮಾವ ಕೇಳಿಸಿಕೊಂಡ. ಮುರಿದು ಕೂಡಿದ ಕಾಲನ್ನು ಚಾಚಿಕೊಂಡು, ಮೊಣಕಾಲನ್ನು ಉಜ್ಜುತ್ತ ಕೂತಿದ್ದ. "ಜೋಯಿಸರನ್ನ ಒಂದ್ಮಾತು ಕೇಳ್ತೀನಿ," ಅಂದ.

ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಹೆಸರು ತೆಗ್ಸಿದ್ ಮಾರ್ನೇ ದಿನ ಏನಾರಾ ಆದ್ರೆ? ನಮ್ಮನ್ನ ಯಾರು ನೋಡ್ತಾರೆ?" ಅಂದಳು. ಜಗಳದ ದನಿಯಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ಬಿಡ್ಲಾ," ಅಂದಳು ದೊಡ್ಡಮ್ಮ ತಕ್ಷಣ. "ಇವ್ಳು ಹೊಲಿಗೆ ಹಾಕೋಳು, ಬಿಚ್ಚೋದು ಸಲೀಸು ಅನ್ಕಂಡವ್ಳೆ. ನೀನು ಚೆಂದಾಗಿದ್ರೆ ನಂಗೂಟ ಆದಂಗೆ ಕಣ್ಲಾ."

ಮಾವ ಅತ್ತುಬಿಟ್ಟ. "ಸರ್ಕಾರದ ಅಕ್ಕಿ ಯಾಕಕ್ಕಾ ನಿಂಗೆ? ನಾನು ಹಾಕ್ತೀನಿ," ಅಂದ. ಅಂಗಡಿಗೆ ಹೋಗಿ ಸಣ್ಣಕ್ಕಿಯ ಮೂಟೆ ತಂದು ಕಾರಿಗೆ ಹಾಕಿದ. ಹೆಂಡತಿ ದೊಡ್ಡಮ್ಮನ ಮಡಿಲಿಗೆ ಅಕ್ಕಿ, ಬೆಲ್ಲದಚ್ಚು, ಕಾಯಿ ತುಂಬಿದಳು. ಮಾವ ನಮ್ಮನ್ನು ಬಸ್ಸಿಗೆ ಬಿಡಲಿಲ್ಲ. ಅಕ್ಕನನ್ನು ಮುಂದೆ ಕೂರಿಸಿಕೊಂಡು, ನನ್ನನ್ನು ಹಿಂದೆ ಪಾತ್ರೆಗಳ ನಡುವೆ ಕೂರಿಸಿ ಮನೆಬಾಗಿಲಿಗೇ ತಂದು ಬಿಟ್ಟ.

ಅವತ್ತು ಊರಲ್ಲಿ ಎಲ್ಲರೂ ನೋಡಿದರು. ದೊಡ್ಡಮ್ಮ ಕಾರಿನಿಂದ ಇಳಿದದ್ದು, ಅವಳ ಹಿಂದೆ ಅಕ್ಕಿ ಮೂಟೆ ಇಳಿದದ್ದು. ಮುಂದಿನ ಸಲ ಸ್ಟೋರಿನ ಹತ್ತಿರ ಅವಳು ಕಾಣಿಸಿಕೊಂಡಾಗ ಒಬ್ಬಳು, "ಕಾರಮ್ಮ ಬಂದ್ಲು, ದಾರಿ ಬಿಡ್ರೇ! ನಿಂಗ್ಯಾಕಮ್ಮ ಈ ದಪ್ಪಕ್ಕಿ, ಹೊಟ್ಟೆಗೆ ಹಿಡ್ಯಾಕಿಲ್ಲ," ಅಂದಳು. ದೊಡ್ಡಮ್ಮ, "ನಮ್ಮ ಡ್ರೈವರಿಗೆ ಬೇಕಿತ್ತು ಕಣೇ," ಅಂದಳಂತೆ. ತಂಗಿ ನನಗೆ ಇದನ್ನು ಹೇಳುವಾಗ ನಗಲಿಲ್ಲ.

ಮಾವನ ಮೂಟೆ ಅದಾದ ಮೇಲೆ ಮತ್ತೊಮ್ಮೆ ಬಂತು. ಆಮೇಲೆ ಬರಲಿಲ್ಲ. ಅವನಿಗೂ ಸಂಸಾರವಿದೆ. ಫೋನು ಮಾಡಿದರೆ ದೊಡ್ಡಮ್ಮ ಗಾಡಿ ಹೇಗಿದೆ ಎಂದಷ್ಟೇ ಕೇಳುತ್ತಿದ್ದಳು. ಅಕ್ಕಿ ಹೇಗಿದೆ ಎಂದು ಅವನು ಕೇಳಿದರೆ, "ತುಂಬೈತೆ ಕಣಪ್ಪ," ಅನ್ನುತ್ತಿದ್ದಳು. ಮಾವ ಅವಳ ಜೊತೆಗೇ ಬೆಳೆದವನು. ಆ ಮಾತಿನ ಅರ್ಥ ಅವನಿಗೆ ಗೊತ್ತಿತ್ತು.

ನಾವು ಮತ್ತೆ ಸಚಿವಾಲಯಕ್ಕೆ ಹೋದೆವು. ದೊಡ್ಡಮ್ಮನ ಹೆಸರೊಂದನ್ನು ಕಾರ್ಡಿನಿಂದ ತೆಗೆದುಹಾಕಿ, ಉಳಿದ ಮೂವರಿಗಾದರೂ ಅಕ್ಕಿ ಕೊಡಲು ಆಗುತ್ತದೆಯೇ ಎಂದು ನಾನು ಕೇಳಿದೆ. ಹುಡುಗಿ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಇವರ ಹೆಸರು ತೆಗೆಯಲು ಕಂಪ್ಯೂಟರು ಕಾರಣ ಕೇಳುತ್ತದೆ; ನಾನು ಆರಿಸಬಹುದಾದ ಕಾರಣ ಇಲ್ಲಿ ಒಂದೇ ಇರುವುದು ಎಂದಳು. ಮರಣ.

ದೊಡ್ಡಮ್ಮನಿಗೆ ಓದಲು ಬಾರದು. ನನ್ನ ಮುಖ ನೋಡಿದಳು. ಆ ಹುಡುಗಿಯೇ ತೆಲುಗಿನಲ್ಲಿ ಹೇಳಿದಳು.

"ಅಂಗಾರೆ, ಸತ್ರೆ ಬತ್ತೈತಾ?" ಅಂದಳು ದೊಡ್ಡಮ್ಮ.

"ಅಯ್ಯೋ, ಅಲಾ ಅನಕಂಡಿ ಅಮ್ಮಾ." ಹಾಗೆನ್ನಬೇಡಿ.

"ಅಂಗಲ್ಲ ಕಣಮ್ಮ, ಸುಮ್ಕೆ ಕೇಳ್ದೆ. ಬತ್ತೈತಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು. ದೊಡ್ಡಮ್ಮ, ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡವಳ ಹಾಗೆ, ಸರಿ ಎಂದು ಎದ್ದಳು. ಹೊರಗೆ ಬಂದು ನನ್ನ ಕೈಲಿದ್ದ ಚೀಲವನ್ನು ತಾನು ಇಸಿದುಕೊಂಡು, "ಒಳ್ಳೆ ಹುಡ್ಗಿ. ಸುಳ್ಳೇಳಲಿಲ್ಲ," ಅಂದಳು.

ಆಮೇಲಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಅವಳು ಬೇಕೆಂದೇ ಊಟ ಬಿಟ್ಟಳು ಎಂದು ನಾನು ಹೇಳಲಾರೆ. ಮನೆಯಲ್ಲಿ ಎಲ್ಲರಿಗೂ ಬಡಿಸುವವಳು ಅವಳೇ. ದೊಡ್ಡಪ್ಪನಿಗೆ ಕಲಸಿ ತಿನ್ನಿಸಿ, ಮಗುವಿಗೆ ಹಾಕಿ, ಮಗಳಿಗೆ ಹಾಕಿ, ತನ್ನ ತಟ್ಟೆಯನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಅವಳ ಮಡಿಲಲ್ಲಿ ಯಾವಾಗಲೂ ಹುರಿದ ಹುಣಸೆಬೀಜ ಇರುತ್ತಿದ್ದವು. ಮೂಟೆಗಟ್ಟಲೆ ಬೀಜ ಬೀಳುವ ಮನೆ. ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡರೆ ಮಧ್ಯಾಹ್ನದವರೆಗೂ ಕರಗುವುದಿಲ್ಲ. ನಾನು ಹೋದಾಗಲೆಲ್ಲ ಅವಳ ದವಡೆ ಆಡುತ್ತಲೇ ಇತ್ತು. ಊಟ ಆಯ್ತಾ ಅಂದರೆ, "ನೋಡು, ಇನ್ನೂ ಅಗೀತಾನೇ ಇದೀನಿ," ಅನ್ನುತ್ತಿದ್ದಳು. ನಾನು ಒಯ್ದ ಅಕ್ಕಿಯನ್ನು ಅವಳು ಡಬ್ಬಕ್ಕೆ ಸುರಿದು, ದೊಡ್ಡಪ್ಪನಿಗೆ ಮಗುವಿಗೆ ಎಂದು ಕೈಯಲ್ಲೇ ಪಾಲು ಮಾಡುವುದನ್ನು ಕಂಡಿದ್ದೇನೆ.

ಜ್ವರ ಬಂದು ಮಲಗಿದವಳನ್ನು ಹಿಂದೂಪುರದ ಆಸ್ಪತ್ರೆಗೆ ಸೇರಿಸಿದೆವು. ಮೈಯಲ್ಲಿ ರಕ್ತವೇ ಇಲ್ಲ ಎಂದರು. ರಕ್ತ ಏರಿಸಿದರು. ಒಂದು ಬೆಳಿಗ್ಗೆ ಎಚ್ಚರವಾಗಿದ್ದಳು, ಮಗಳಿಗೆ ಮೂಟೆ ಬಂತಾ ಎಂದು ಕೇಳಿದಳು. ಹುಣಸೆಹಣ್ಣಿನ ಮೂಟೆಯೋ ಅಕ್ಕಿಯದೋ ನಮಗೆ ತಿಳಿಯಲಿಲ್ಲ. ತಂಗಿ, ಬಂತಮ್ಮ ಅಂದಳು. ಆವತ್ತು ಮಧ್ಯಾಹ್ನ ದೊಡ್ಡಮ್ಮ ತೀರಿಕೊಂಡಳು.

ಮಾವ ಕಲ್ಯಾಣದುರ್ಗದಿಂದ ಕಾರಿನಲ್ಲೇ ಓಡಿಬಂದ. ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲಿಸಿ, ಒಳಗೆ ಬಂದು ಅಕ್ಕನ ಕಾಲು ಹಿಡಿದುಕೊಂಡು ಕೂಗಿ ಅತ್ತ. ಹೆಣವನ್ನು ಊರಿಗೆ ಒಯ್ಯುವ ಹೊತ್ತಿಗೆ ಅವನು ನನ್ನ ಮುಖ ನೋಡಲಿಲ್ಲ. ದುಡಿಯುವ ಗಾಡಿಯಲ್ಲಿ ಹೆಣ ಹಾಕುವುದಿಲ್ಲ, ಅದೂ ನಮ್ಮಲ್ಲಿ ಇರುವುದೇ. ಬೇರೆ ವ್ಯಾನು ಗೊತ್ತುಮಾಡಿದ. ವ್ಯಾನಿನಲ್ಲಿ ನಾನು ಅವಳ ತಲೆಯ ಹತ್ತಿರ ಕೂತಿದ್ದೆ. ಹಿಂದಿನ ಗಾಜಿನಲ್ಲಿ ಊರು ಮುಟ್ಟುವತನಕ ಆ ಕಾರು ಕಾಣುತ್ತಿತ್ತು.

ಮರಣದ ಸರ್ಟಿಫಿಕೇಟು ಕೊಟ್ಟ ಮೇಲೆ ಸಚಿವಾಲಯದ ಅದೇ ಹುಡುಗಿ ಹೆಸರು ತೆಗೆದಳು. ಒತ್ತುವ ಮೊದಲು ಕಣ್ಣೊರೆಸಿಕೊಂಡಳು. ಕೆಲವು ತಿಂಗಳಿಗೆ ಮನೆಯವರಿಗೆ ಅರ್ಹತೆ ಇದೆ ಎಂದು ಬಂತು. ಸ್ಟೋರಿನಲ್ಲಿ ತಂಗಿ ಬೆರಳಿಟ್ಟಳು, ಒಂದೇ ಸಲಕ್ಕೆ ಹತ್ತಿತು. ಮೂವರ ಪಾಲಿನ ಅಕ್ಕಿ ಅಳೆದು ಹಾಕಿದರು.

ವರ್ಷದ ಎಡೆ ಇಟ್ಟ ಮೇಲೆ ಒಂದು ಸಂಜೆ ಮಾವ ಬಂದ. ನಾನೂ ಇದ್ದೆ. ತಟ್ಟೆಯಲ್ಲಿ ಸೀರೆ, ಅರಿಶಿನ ಕುಂಕುಮ, ಬಾಳೆಹಣ್ಣು ಇಟ್ಟುಕೊಂಡು ಬಂದಿದ್ದ. ಕಾರು ಇನ್ನೂ ದೊಡ್ಡಮ್ಮನ ಹೆಸರಲ್ಲೇ ಇತ್ತು. ಸತ್ತವರ ಹೆಸರಿನ ಗಾಡಿಯನ್ನು ಅವನು ದಿನಾ ಹೆದರಿಕೊಂಡೇ ಓಡಿಸುತ್ತಿದ್ದ.

"ಜೋಯಿಸರನ್ನ ಕೇಳ್ದೆ ಮಗಾ. ನಿನ್ ಹೆಸರು ಚೆಂದಾಗಿ ಕೂಡ್ತದಂತೆ," ಅಂದ ತಂಗಿಗೆ.

ಮಂಚದ ಮೇಲಿದ್ದ ದೊಡ್ಡಪ್ಪ ಕತ್ತು ಹೊರಳಿಸಿದ. ಮಗು ಬಾಳೆಹಣ್ಣಿನ ಕಡೆ ನೋಡುತ್ತಿತ್ತು. ತಂಗಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದಳು. ಕೈ ನಿಲ್ಲಿಸಿದಳು.

"ಇಲ್ಲ ಮಾವ," ಅಂದಳು.

ಆ ಮನೆಯಲ್ಲಿ ಆ ಮಾತು ಕೇಳಿದ್ದು ನನಗೆ ಅದೇ ಮೊದಲು. ಮಾವ ಹಣ್ಣುಗಳನ್ನು ಮಗುವಿನ ಕೈಗೆ ಕೊಟ್ಟು, ತಟ್ಟೆಯನ್ನು ಟವೆಲಿನಲ್ಲಿ ಮುಚ್ಚಿಕೊಂಡು, ಕಾಲೆಳೆಯುತ್ತ ಹೋಗಿ ಕಾರಿನಲ್ಲಿ ಕೂತ. ಕಾಫಿ ಕುಡಿದು ಹೋಗು ಅಂದರೂ ನಿಲ್ಲಲಿಲ್ಲ.

ಕಾರು ತಿರುವಿನಲ್ಲಿ ಮರೆಯಾಗುವತನಕ ತಂಗಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟಳು. ಒಲೆ ಹಚ್ಚಲಿಲ್ಲ. ಫೋನನ್ನು ಮುಂದೆ ಇಟ್ಟುಕೊಂಡು ಕೂತಳು. ಮಗು ಹಸಿವು ಅಂದಿತು, ಇರು ಅಂದಳು. ನಾನು ಎದ್ದು ಅನ್ನಕ್ಕಿಡಲು ಹೋದರೆ, "ಅಕ್ಕಾ, ಇರು," ಅಂದಳು ನನಗೂ. ಹೊರಗೆ ಕತ್ತಲಾಗುತ್ತ ಬಂತು.

ಫೋನು ಬಂತು. ಮಾವನ ಹೆಂಡತಿ. "ಮನೆಗೆ ಬಂದ್ರು ಕಣಮ್ಮ," ಅಂದಳು, ಅಷ್ಟೇ.

ತಂಗಿ ಫೋನು ಕೆಳಗಿಟ್ಟು, ಎದ್ದು ಅಕ್ಕಿಗೆ ನೀರು ಹಾಕಿದಳು.