ಅಳಿಸಬೇಕೆಂದಿದ್ದ ವಾಕ್ಯ

“ಸಿಪಾಯಿಗಳಿಗೆ ಪ್ರಶ್ನೆಯನ್ನು ತಿರುವಿ ಕೇಳಿದರೆ ಅರ್ಥವಾಗುವುದಿಲ್ಲ, ನೇರವಾಗಿಯೇ ಕೇಳಬೇಕು.” ಸೈನ್ಯದ ಘಟಕಗಳ ಒಳವಾತಾವರಣವನ್ನು ಅಳೆಯುವ ಪ್ರಶ್ನಾವಳಿಗಳ ಬಗ್ಗೆ ಬಲ್ಲವರು ಹೀಗೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಸೈನ್ಯದಲ್ಲಿ ಗುಮಾಸ್ತನಾದವನು ನಾನು. ಉಳಿದ ಓದೆಲ್ಲ ನಾನಿರುವ ಡೊಂಬಿವಲಿಯ ರದ್ದಿ ಅಂಗಡಿಗಳ ಹಳೆಯ ಪುಸ್ತಕಗಳಿಂದ ಬಂದದ್ದು.

ಖಾರಘರದಲ್ಲಿ ಮನಃಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬರು ಅಂಥ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದರು. ಅದು ಅಳೆಯಬೇಕಾದದ್ದನ್ನೇ ಅಳೆಯುತ್ತದೆಯೇ ಎಂದು ಪರೀಕ್ಷಿಸಲು ಸಾನಪಾಡಾದ ವಸತಿ ಸೊಸೈಟಿಯೊಂದರ ಸಭಾಂಗಣದಲ್ಲಿ ನಿವೃತ್ತ ಕನ್ನಡಿಗ ಯೋಧರನ್ನು ಕೂಡಿಸಿದರು. ಭಾಷೆ ತಿದ್ದಿಕೊಟ್ಟ ನಾನೂ ಪಕ್ಕದಲ್ಲಿದ್ದೆ. ಎರಡು ವಾಕ್ಯಗಳನ್ನು ಅದರಲ್ಲಿ ಬೇಕೆಂದೇ, ಒಂದನ್ನು ಒಪ್ಪಿದರೆ ಇನ್ನೊಂದನ್ನು ಒಪ್ಪಲಾಗದಂತೆ, ಮೇಲೆ ಕೆಳಗೆ ಇಡಲಾಗಿತ್ತು. ಒಂದು: ‘ನಮ್ಮ ಘಟಕದಲ್ಲಿ ತಪ್ಪು ಕಂಡರೆ ಭಯವಿಲ್ಲದೆ ಹೇಳಬಹುದಿತ್ತು.’ ಅದರ ಕೆಳಗೆ ಇನ್ನೊಂದು, ತಿರುವಿದ್ದು: ‘ತಪ್ಪು ಎತ್ತಿ ತೋರಿಸಿದವನಿಗೆ ನಮ್ಮ ಘಟಕದಲ್ಲಿ ತೊಂದರೆ ತಪ್ಪುತ್ತಿರಲಿಲ್ಲ.’

ಹಾಳೆ ಹಂಚಿದೊಡನೆ ಮುಂದಿನ ಸಾಲಿನಲ್ಲಿದ್ದ ಕರಾವಳಿಯ ಹಿರಿಯ ಸುಬೇದಾರರು ಹಿಂತಿರುಗಿ, “ಎಲ್ಲ ಒಪ್ಪಿಗೆ ಅಂತ್ಲೇ ಹಾಕಿ ಮಾರಾಯ್ರೆ, ಚಾ ತಣ್ಣಗಾಗ್ತದೆ!” ಎಂದರು. ಎಲ್ಲರೂ ನಕ್ಕರು. ಎಲ್ಲರೂ ಹಾಕಿದರು.

ಆಮೇಲೆ ಅಧ್ಯಾಪಕಿ ಫೋನ್ ಮಾಡಿದರು. “ಎರಡಕ್ಕೂ ಒಪ್ಪಿಗೆ ಅಂದಿದ್ದಾರೆ ಸರ್. ತಿರುವಿದ್ದು ಅರ್ಥವೇ ಆಗಿಲ್ಲ. ಸೋಮವಾರ ಪ್ರಿಂಟ್‌ಗೆ ಕೊಡ್ಬೇಕು, ಅದನ್ನ ತೆಗೆದುಬಿಡ್ತೀನಿ.”

“ಸುಬೇದಾರರು ಹೇಳಿದ್ದು ನಿಮಗೆ ಕೇಳಿಸಲಿಲ್ಲವೇ?”

“ಅದು ಜೋಕ್ ಅಲ್ವಾ?”

ಕೂತಲ್ಲಿ ಕೂರಲಾಗಲಿಲ್ಲ. ಮೇಲಿನವರೆದುರು ‘ಇಲ್ಲ’ ಎನ್ನಲು ಅಂಜುವವನು ‘ಹೌದು’ ಎಂದೇ ನಿಜ ಹೇಳಬಹುದಾದ ಒಂದೇ ಒಂದು ಜಾಗ ಆ ತಿರುವಿದ ವಾಕ್ಯ. ಅದು ಹೋದರೆ, ಇನ್ನೂ ಸೇವೆಯಲ್ಲಿದ್ದು ನಾಳೆ ಇದನ್ನು ತುಂಬಬೇಕಾದ ಸಿಪಾಯಿಗೆ ಆ ಹಾಳೆಯಲ್ಲಿ ಬಾಯಿಯೇ ಇಲ್ಲ. ಪಕ್ಕದ ಕಲ್ಯಾಣಕ್ಕೆ ಹೋಗಿ, ಅಂದು ಸಭೆಯಲ್ಲಿದ್ದ ಒಬ್ಬರನ್ನು ವಿಚಾರಿಸಿದೆ. “ಸುಬೇದಾರ್ ಸಾಹೇಬರನ್ನ ಕೇಳಿ,” ಎಂದು ಬಾಗಿಲು ಮುಂದೆ ಮಾಡಿಕೊಂಡರು. ಮರುದಿನ ಅಧ್ಯಾಪಕಿಯನ್ನು ಹಟದಿಂದ ಹೊರಡಿಸಿಕೊಂಡು ಮುಂಬ್ರಾಕ್ಕೆ ಹೋದೆ. ಸಭೆಗೆ ಬಂದಿದ್ದ ವಿಜಯಪುರದ ಮಾಜಿ ಸಿಪಾಯಿಯೊಬ್ಬರ ಮನೆ ಅಲ್ಲಿದೆ.

“ಓದಿ ಹಾಕಿದ್ರಾ?” ಎಂದು ಅಧ್ಯಾಪಕಿ ಕೇಳಿದರು.

“ಸಾಹೇಬ್ರು ಹಾಕ್ರಿ ಅಂದ್ರು, ಹಾಕಿದೆ. ಓದೂದೆಲ್ಲಿ ಬಂತ್ರಿ ಮೇಡಮ್?”

ಒಲೆಯ ಬಳಿಯಿಂದ ಅವರ ಹೆಂಡತಿ, “ನಾ ಕಾಯಿಪಲ್ಲೆ ತರ್ರಿ ಅಂದ್ರ ಮೂರ್ ಸಲ ಕೇಳ್ತಾರ. ಅವರು ಅಂದ್ರ ಒಂದ ಮಾತಿಗೆ!” ಎಂದರು.

ಆತ ನಕ್ಕು, ಕನ್ನಡಕ ಏರಿಸಿ, ಅಧ್ಯಾಪಕಿ ಕೊಟ್ಟ ಹೊಸ ಹಾಳೆಯನ್ನು ತುಟಿಯಾಡಿಸುತ್ತ ಓದಿದರು. ನಗು ನಿಂತಿತು. ತಿರುವಿದ ವಾಕ್ಯಕ್ಕೆ ಮತ್ತೆ ಒಪ್ಪಿಗೆಯನ್ನೇ ಹಾಕಿದರು. ನೇರ ವಾಕ್ಯದ ಮುಂದೆ ಪೆನ್ನು ಬಹಳ ಹೊತ್ತು ನಿಂತು, ‘ಒಪ್ಪುವುದಿಲ್ಲ’ ಎಂಬಲ್ಲಿಗೆ ಸರಿಯಿತು.

“ಇದು ಖರೇನ ಐತ್ರಿ,” ಎಂದು ತಿರುವಿದ್ದರ ಮೇಲೆ ಬೆರಳಿಟ್ಟರು. “ಅವತ್ತ ಸುಳ್ಳ ಬರದಿದ್ದು ಮ್ಯಾಲಿಂದು. ಬೂಟ್ ಹರದಾವು ಅಂತ ಬಾಯಿ ತಗದವ್ನ ಹೆಂಗ ಕಾಡಿದ್ರು, ನಾ ಕಂಡೀನಿ.”

ಮರಳುವಾಗ ಗಾಡಿಯಲ್ಲಿ ಅಧ್ಯಾಪಕಿ ಹೇಳಿದ್ದು ಇಷ್ಟೇ: “ಪ್ರಿಂಟ್ ನಿಲ್ಲಿಸ್ತೀನಿ. ಒಬ್ಬೊಬ್ಬರನ್ನೇ ಕೂರಿಸಿ ಮತ್ತೆ ಕೇಳ್ಬೇಕು.”

ಒಬ್ಬನ ಮಾತಿನಿಂದ ಏನೂ ಸಾಬೀತಾಗದೆಂಬುದನ್ನು ಬಲ್ಲೆ. ಉಳಿದವರು ಏನೆನ್ನುವರೋ ಎಂಬ ತಳಮಳ ಇನ್ನೂ ಇದೆ. ಆದರೆ ಆತನ ಎರಡು ಹಾಳೆಗಳೂ, ಆತನ ಅನುಮತಿಯಿಂದ, ಹೆಸರು ಮರೆಮಾಡಿ ಖಾರಘರದ ಆ ವಿಭಾಗದಲ್ಲಿವೆ. ಕೇಳಿದವರಿಗೆ ತೋರಿಸುತ್ತಾರೆ. ತಿರುವಿದ ವಾಕ್ಯದೆದುರಿನ ಗುರುತು ಎರಡರಲ್ಲೂ ಒಂದೇ. ಬದಲಾಗಿರುವುದು ನೇರ ವಾಕ್ಯದ್ದು.