ಹಸಿರು ಮೇಲಂಗಿಯವನ ಮೊದಲ ಸಂಚಿಕೆ

ಆಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನಾಲ್ಕು. ಚಾಮರಾಜಪುರಂನ ಮನೆಯಲ್ಲಿ ನಾವಿಬ್ಬರು, ಅಪ್ಪ ಮತ್ತು ಅಪ್ಪನ ತಾಯಿ. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ನಜರ್‌ಬಾದಿನಲ್ಲಿ ಅಕ್ಕನ ಗೆಳತಿಯೊಬ್ಬಳಿದ್ದಳು. ಅವಳ ಚಿಕ್ಕಪ್ಪನಿಗೆ ಹಡಗಿನಲ್ಲಿ ಕೆಲಸ. ಊರಿಗೆ ಬಂದಾಗಲೆಲ್ಲ ಇಂಗ್ಲಿಷ್ ಕಾಮಿಕ್ಸ್ ತಂದುಕೊಡುತ್ತಿದ್ದರು. ಒಂದು ಶನಿವಾರ ಅಕ್ಕ ಅವಳಿಂದ ಹೊಸ ಸಾಹಸಿಯೊಬ್ಬನ ಮೊಟ್ಟಮೊದಲ ಸಂಚಿಕೆಯನ್ನು ಎರವಲು ತಂದಳು. ಮುಖವಾಡ, ಹಸಿರು ಮೇಲಂಗಿ, ಕಂಬದಂಥ ತೋಳು. ಅವನು ಗೋಡೆಯನ್ನು ತೂರಿಕೊಂಡು ಆಚೆ ಹೋಗಬಲ್ಲವನು. ನನಗೆ ಇಂಗ್ಲಿಷ್ ಅಕ್ಷರವೇ ಗೊತ್ತಿರಲಿಲ್ಲ. ಅಕ್ಕ ಚಿತ್ರದ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದಳು.

ಎರಡನೇ ಪುಟದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಬಿದ್ದಿದ್ದಳು. ಪಕ್ಕದಲ್ಲಿ ಅವಳ ಮಗ, ಮುಂದೆ ಹಸಿರು ಮೇಲಂಗಿ ತೊಡುವ ಹುಡುಗ, ಅಳುತ್ತಿದ್ದ. ಅವಳಿಗೆ ಏನಾಯಿತು ಎಂದು ಕೇಳಿದೆ. ಅಕ್ಕ ಚಿತ್ರದ ಮೇಲಿಂದ ಬೆರಳು ತೆಗೆದು, ತಲೆ ಸುತ್ತಿ ಬಿದ್ದಿದ್ದಾಳೆ, ತವರಿಗೆ ಹೋಗಿ ಸುಧಾರಿಸಿಕೊಳ್ಳುತ್ತಾಳೆ ಎಂದಳು. ನನಗೆ ಸಮಾಧಾನವಾಯಿತು. ಪುಟ ಮಗುಚಿದೆವು.

ಅಕ್ಕಿ ಆರಿಸುತ್ತಾ ಕೂತಿದ್ದ ಅಜ್ಜಿಯ ಕಿವಿ ನಮ್ಮ ಕಡೆಗೇ ಇತ್ತು. "ಅಲ್ಲ ಕಣೇ, ಇಷ್ಟೆಲ್ಲ ಹಾರಾಡ್ತಾನಲ್ಲ, ಅವನಿಗೆ ಅನ್ನ ಸಾರು ಯಾರು ಮಾಡ್ಹಾಕ್ತಾರೆ?" ಎಂದು ಕೇಳಿದರು.

"ಅವನೇ ಬೇಯಿಸ್ಕೋತಾನೆ ಅಜ್ಜಿ. ಹುಳಿಪುಡಿ ಮಾತ್ರ ಅವರಮ್ಮ ಊರಿಂದ ಕಳಿಸ್ತಾರೆ," ಎಂದಳು ಅಕ್ಕ.

ಅಜ್ಜಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮತ್ತೆ ಮೊರದ ಕಡೆ ತಿರುಗಿದರು.

ಮುಂದೆ ಬಂದ ಸಂಚಿಕೆಗಳಲ್ಲೂ ಆ ತಾಯಿಯ ಕಾಗದ ತಪ್ಪದೆ ಬರುತ್ತಿತ್ತು. ಮಳೆಯಲ್ಲಿ ಹಾರಬೇಡ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು ಎಂದೆಲ್ಲ ಬರೆಯುತ್ತಿದ್ದಳು. ಕೇಡಿಗಳು ಸೋತು ನಂಜನಗೂಡಿನ ದಿಕ್ಕಿಗೆ ಓಡುತ್ತಿದ್ದರು. ಅಮೆರಿಕದಲ್ಲೂ ಒಂದು ನಂಜನಗೂಡು ಇದೆಯೆಂದು ನಾನು ಬಹಳ ದಿನ ನಂಬಿದ್ದೆ.

ಹೈಸ್ಕೂಲಿನ ಕೊನೆಯ ವರ್ಷ, ದೊಡ್ಡ ಗಡಿಯಾರದ ಹತ್ತಿರ ಹಳೇ ಪುಸ್ತಕ ಹರಡಿಕೊಂಡು ಕೂರುವವರ ರಾಶಿಯಲ್ಲಿ ಅದೇ ಮೊದಲ ಸಂಚಿಕೆ ಸಿಕ್ಕಿತು. ಅಷ್ಟು ಹೊತ್ತಿಗೆ ನನಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ನಿಂತಲ್ಲೇ ಓದಿದೆ. ಎರಡನೇ ಪುಟದಲ್ಲೇ ತಾಯಿ ಸತ್ತುಹೋಗಿದ್ದಳು. ಕಾಗದವೂ ಇಲ್ಲ, ಹುಳಿಪುಡಿಯೂ ಇಲ್ಲ.

ಅಕ್ಕ ಮದುವೆಯಾಗಿ ಬನ್ನಿಮಂಟಪದಲ್ಲಿದ್ದಳು. ಆ ಭಾನುವಾರ ಅವಳ ಮನೆಗೆ ಹೋಗಿ, ದೋಸೆ ಹುಯ್ಯುತ್ತಿದ್ದವಳ ಮುಂದೆ ಪುಸ್ತಕ ಹಿಡಿದೆ. ಇಷ್ಟು ವರ್ಷ ನನಗೆ ಬರೀ ಸುಳ್ಳು ಹೇಳಿದೆಯಲ್ಲ ಎಂದು ರೇಗಿಸಬೇಕೆಂದಿದ್ದೆ.

ಅವಳು ಹೊದಿಕೆಯನ್ನು ಗುರುತು ಹಿಡಿದು ನಕ್ಕಳು. ತನಗೂ ಆಗ ಅರ್ಧ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲವಂತೆ. ಆ ಪುಟದಲ್ಲಿದ್ದ ಒಂದು ಮಾತನ್ನು ಮೊದಲೇ ಅಪ್ಪನ ನಿಘಂಟಿನಲ್ಲಿ ಹುಡುಕಿದ್ದಳಂತೆ. ಅನಾಥ ಎಂದಿತ್ತಂತೆ.

"ನಿಘಂಟು ಮುಚ್ಚಿಟ್ಟೆ," ಎಂದಳು. "ಅದನ್ನ ಓದಿದ್ರೆ ನೀನೂ ಅಳ್ತಿದ್ದೆ, ನಾನೂ ಅಳ್ತಿದ್ದೆ. ಅದಕ್ಕೇ ಅವರಮ್ಮನ್ನ ತವರಿಗೆ ಕಳಿಸ್ಬುಟ್ಟೆ ಕಣೇ."

ಅವಳು ಸೌಟನ್ನು ನನ್ನ ಕೈಗೆ ಕೊಟ್ಟು, ಕೈ ಒರೆಸಿಕೊಂಡು, ಒಲೆಯ ಪಕ್ಕದಲ್ಲೇ ಕೂತು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಕೇಡಿ ಒಂದೇ ಏಟಿಗೆ ಬೀಳುವುದು ಅವಳಿಗೆ ಹಿಡಿಸಲಿಲ್ಲ. ನಾನು ಹುಯ್ದ ದೋಸೆಗಳೆಲ್ಲ ಹರಿದವು. ಅವನ್ನೇ ತಿನ್ನುತ್ತಾ ಅಮ್ಮನಿಗೆ ಯಾವ ಬಣ್ಣದ ಸೀರೆ ಇಷ್ಟವಿತ್ತು ಎಂದು ಕೇಳಿದೆ. ಅಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ. ಅಕ್ಕ ಹೇಳತೊಡಗಿದಳು. ಮಧ್ಯಾಹ್ನದವರೆಗೂ ಹೇಳಿದಳು.